ಫೋಮ್ ಪಟ್ಟಿಯ ಅಂಟು ಲೊಳೆಯಾಗುತ್ತಿದೆಯೇ? ಟೇಪ್ ಬದಲಿಸುವ ಮೊದಲು ಮಾಡಬೇಕಾದ ಕೆಲಸಗಳು

ಮುಚ್ಚಳದ ಅಂಚಿಗೆ ಸಂದು ಮುಚ್ಚಲು ಹಾಕುವ ಫೋಮ್ ಪಟ್ಟಿ, ಅಂಟಿಸಿದ ದಿನ ಎಳೆದರೂ ಬರುವುದಿಲ್ಲ. ಎರಡು ತಿಂಗಳು ಕಳೆಯಲಿ, ಪಟ್ಟಿ ಅರ್ಧ ಬೆರಳಷ್ಟು ಕೆಳಗೆ ಜಾರಿರುತ್ತದೆ. ಅಂಚಿನಲ್ಲಿ ಅಂಟು ಒಸರಿ, ಧೂಳು ಹಿಡಿದು, ಕಪ್ಪು ಗೆರೆಯಾಗಿರುತ್ತದೆ. ಕಿತ್ತರೆ ಅಂಟು ಎಳೆ ಎಳೆಯಾಗಿ ಎರಡೂ ಕಡೆ ಮೆತ್ತಿಕೊಂಡು ಬರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಒರೆಸಿ, ಇನ್ನೂ ಗಟ್ಟಿ ಟೇಪ್ ತಂದು ಮತ್ತೆ ಅಂಟಿಸುವುದು. ಆ ಟೇಪಿಗೂ ಅದೇ ಗತಿ. ನಾನು ಒಂದೇ ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ಸಲ ಟೇಪ್ ಬದಲಿಸಿದ ಮೇಲೆಯೇ ಫೋಮ್ ಕಡೆ ತಿರುಗಿ ನೋಡಿದ್ದು.

ತಪ್ಪು ಬಹುತೇಕ ಟೇಪಿನದಲ್ಲ, ಫೋಮಿನದು. ಇಂಥ ಮೆತ್ತನೆಯ ಫೋಮ್ ಅನೇಕ ಸಲ ಪಿವಿಸಿಯಿಂದ ಮಾಡಿದ್ದು. ಪಿವಿಸಿ ತಾನಾಗಿ ಗಡುಸು ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡುವುದು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ. ಈ ದ್ರವ ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಸುಮ್ನೆ ಒಳಗೆ ಸೇರಿಕೊಂಡಿರುತ್ತದೆ. ಪಕ್ಕದಲ್ಲಿ ಹೀರಿಕೊಳ್ಳುವ ವಸ್ತು ಇದ್ದರೆ ಮೆಲ್ಲಗೆ ಅತ್ತ ಹೊರಡುತ್ತದೆ. ಅಂಟಿನ ಪದರ ಅಂಥದ್ದೇ ವಸ್ತು.

ಒಂದು ಅಂದಾಜು ಲೆಕ್ಕ ಹಾಕಿ ನೋಡಿ. 1 ಮೀಟರ್ ಉದ್ದ, 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿ ಎಂದರೆ 150 ಘನ ಸೆಂ.ಮೀ. ಫೋಮ್. ಘನ ಸೆಂ.ಮೀ.ಗೆ 0.15 ಗ್ರಾಂ ಎಂದು ಹಿಡಿದರೆ ಅದರ ತೂಕ 22.5 ಗ್ರಾಂ. ಅದರಲ್ಲಿ 30% ಪ್ಲಾಸ್ಟಿಸೈಸರ್ ಇದ್ದರೆ ಹತ್ತಿರ ಹತ್ತಿರ 6.75 ಗ್ರಾಂ. ಕೆಳಗಿರುವ 50 ಮೈಕ್ರಾನ್ (0.05 ಮಿ.ಮೀ.) ಅಂಟಿನ ಪದರದ ತೂಕ ಸುಮಾರು 1.25 ಗ್ರಾಂ ಮಾತ್ರ. ಅಂದರೆ ಅಂಟಿನ ತೂಕದ ಐದು ಪಟ್ಟನ್ನೂ ಮೀರಿದ ಎಣ್ಣೆ ಅದರ ತಲೆಯ ಮೇಲೆಯೇ ಕೂತಿದೆ. ಎಲ್ಲವೂ ಇಳಿಯಬೇಕಿಲ್ಲ, ಸ್ವಲ್ಪ ಇಳಿದರೂ ಅಂಟು ಕೆಟ್ಟಿತು.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ನೈಟ್ರೈಲ್ ಕೈಗವಸು, ಪ್ಲಾಸ್ಟಿಕ್ ಸ್ಕ್ರೇಪರ್, ನಾರು ಬಿಡದ ಬಿಳಿ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಹೊಸ ಕಟರ್ ಬ್ಲೇಡ್, ಸಣ್ಣ ರಬ್ಬರ್ ರೋಲರ್. ಪರೀಕ್ಷೆಗೆ ಬಿಳಿ ಟಿಶ್ಯೂ ಅಥವಾ ಫಿಲ್ಟರ್ ಪೇಪರ್, ಪಾರದರ್ಶಕ ಗಡುಸು ಪಾಲಿಸ್ಟೈರೀನ್ ತುಂಡು, ಅರ್ಧ ಕಿಲೋ ತೂಕದ ಏನಾದರೂ, ಒಂದು ಥರ್ಮಾಮೀಟರ್. ಪಾಲಿಸ್ಟೈರೀನಿಗೆ ಹಳೆಯ ಸಿಡಿ ಡಬ್ಬಿಯ ಮುಚ್ಚಳ ಸಾಕು. ಫೋಮ್ ಯಾವುದೆಂದೇ ಗೊತ್ತಿಲ್ಲದಿದ್ದರೆ ಒಂದು ತುಂಡು ದಪ್ಪ ತಾಮ್ರದ ತಂತಿ ಮತ್ತು ಇಕ್ಕಳವೂ ಬೇಕು.

ಪರೀಕ್ಷೆಯ ತುಂಡುಗಳನ್ನು ಬೆಚ್ಚಗಿಡಲು ಅಡುಗೆಗೆ ಬಳಸುವ ಓವನ್ ಮಾತ್ರ ಬೇಡ. ಬಿಸಿಗೆ ಪ್ಲಾಸ್ಟಿಸೈಸರ್ ಆವಿಯಾಗಿ ಒಳಗೋಡೆಗೆ ಕೂರುತ್ತದೆ.

## ಹಂತ 1: ಕಿತ್ತು ನೋಡಿ, ರೋಗ ಇದೇನಾ ಎಂದು ಖಚಿತ ಮಾಡಿಕೊಳ್ಳಿ

ಅವಸರದಲ್ಲಿ ಪೂರ್ತಿ ಕಿತ್ತು ಒರೆಸಿಬಿಟ್ಟರೆ ಸಾಕ್ಷಿಯೇ ಹೋಯಿತು. ಒಂದು ತುದಿಯಿಂದ 5 ಸೆಂ.ಮೀ.ನಷ್ಟು ಮಾತ್ರ ನಿಧಾನವಾಗಿ ಎಬ್ಬಿಸಿ. ಅಂಟು ಎಲ್ಲಿ ಉಳಿಯಿತು, ಹೇಗೆ ಉಳಿಯಿತು ಎಂದು ನೋಡಿ.

ಅಂಟು ಪೂರ್ತಿಯಾಗಿ ಫೋಮ್ ಮೇಲೆಯೇ ಇದ್ದು, ಕೆಳಗಿನ ಮೇಲ್ಮೈ ಒಣಗಿ ಸ್ವಚ್ಛವಾಗಿದ್ದರೆ ಅದು ಬೇರೆ ಕಥೆ. ಮೇಲ್ಮೈಯಲ್ಲಿ ಕೊಳೆ, ಮೇಣ ಅಥವಾ ಸಿಲಿಕೋನ್ ಇತ್ತು, ಇಲ್ಲವೇ ಅದು ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಥರದ ಅಂಟು ಹಿಡಿಯದ ಪ್ಲಾಸ್ಟಿಕ್. ಫೋಮೇ ಹರಿದು ಚೂರುಗಳು ಕೆಳಗೆ ಉಳಿದರೆ ಅಂಟು ಚೆನ್ನಾಗಿದೆ, ಫೋಮ್ ದುರ್ಬಲ. ಅಂಟು ಹಳದಿಯಾಗಿ ಗರಿಗರಿಯಾಗಿದ್ದರೆ ಬಿಸಿಲು ಅಥವಾ ವಯಸ್ಸಿನಿಂದ ಸತ್ತಿದೆ. ಅಂಟು ಎರಡೂ ಕಡೆ ಸಮನಾಗಿ ಹಂಚಿಹೋಗಿ, ಎಳೆದಷ್ಟೂ ಉದ್ದದ ಎಳೆ ಬಿಡುತ್ತಿದ್ದರೆ, ಬೆರಳಿಗೆ ಒದ್ದೆ ಜಿಗುಟು ತಗುಲಿದರೆ, ನಾವು ಹುಡುಕುತ್ತಿರುವ ರೋಗ ಅದೇ ಇರಬೇಕು.

ಇಲ್ಲೊಂದು ಗೊಂದಲವಿದೆ. ಬರೀ ಬಿಸಿಗೂ ಅಂಟು ಹೀಗೇ ಮೆತ್ತಗಾಗುತ್ತದೆ. ಅದನ್ನು ಬಿಡಿಸುವುದು ಸುಲಭ. ಕಿತ್ತ ತುಂಡನ್ನು ನೆರಳಿನಲ್ಲಿ, ಕೋಣೆಯ ಉಷ್ಣತೆಯಲ್ಲಿ ಒಂದೆರಡು ಗಂಟೆ ಬಿಡಿ. ಬಿಸಿಯಿಂದ ಮೆತ್ತಗಾದ ಅಂಟು ತಣ್ಣಗಾದ ಮೇಲೆ ಮತ್ತೆ ಬಿಗಿಯಾಗುತ್ತದೆ. ಎಣ್ಣೆ ಕುಡಿದ ಅಂಟು ತಣ್ಣಗಾದರೂ ಲೊಳೆಯಾಗಿಯೇ ಇರುತ್ತದೆ.

ಇನ್ನೊಂದು ಸಾಕ್ಷಿ ಫೋಮ್‌ನಲ್ಲೇ ಸಿಗುತ್ತದೆ. ಎಣ್ಣೆ ಕಳೆದುಕೊಂಡ ಫೋಮ್ ಗಡುಸಾಗುತ್ತದೆ, ಕುಗ್ಗುತ್ತದೆ. ಮೂಲೆಗಳಲ್ಲಿ ಮೊದಲು ಇಲ್ಲದ ಸಂದು ಕಾಣಿಸಿದರೆ, ಪಟ್ಟಿಯ ತುದಿ ಮೇಲೆ ಸುರುಳಿಯಾಗುತ್ತಿದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಫೋಮ್ ಕುಗ್ಗುವುದು, ಅಂಟು ಮೆತ್ತಗಾಗುವುದು, ಎರಡೂ ಒಟ್ಟಿಗೆ ನಡೆಯುವುದರಿಂದಲೇ ಪಟ್ಟಿ ಅಷ್ಟು ಬೇಗ ಜಾರುವುದು.

ಪಟ್ಟಿಯ ಕೆಳಗಿನ ಮೇಲ್ಮೈಯನ್ನೂ ನೋಡಿ. ಅದೇ ಮೆತ್ತನೆಯ ವಿನೈಲ್ ಹಾಳೆ ಅಥವಾ ಕೃತಕ ಚರ್ಮ ಆಗಿದ್ದರೆ ಎಣ್ಣೆ ಮೇಲಿನಿಂದಲ್ಲ, ಕೆಳಗಿನಿಂದ ಬರುತ್ತಿದೆ. ಆಗ ಫೋಮ್ ಬದಲಿಸಿ ಪ್ರಯೋಜನವಿಲ್ಲ.

## ಹಂತ 2: ಫೋಮ್ ಯಾವ ಜಾತಿಯದು ಎಂದು ತಿಳಿಯಿರಿ

ನೋಡಲು ಎಲ್ಲ ಕಪ್ಪು ಫೋಮೂ ಒಂದೇ. ಒಳಗಿನ ಕಥೆ ಮಾತ್ರ ಬೇರೆ ಬೇರೆ.

ಮೆತ್ತನೆಯ ಪಿವಿಸಿ ಫೋಮ್ ಮತ್ತು ನೈಟ್ರೈಲ್ ರಬ್ಬರ್ ಜೊತೆ ಪಿವಿಸಿ ಬೆರೆಸಿದ ಫೋಮ್ ಈ ತೊಂದರೆಯ ಮುಖ್ಯ ಆರೋಪಿಗಳು. ನಿಯೋಪ್ರೀನ್ ಮತ್ತು ಇಪಿಡಿಎಂ ರಬ್ಬರ್ ಫೋಮ್‌ಗಳಲ್ಲಿ ಪಿವಿಸಿಯ ಪ್ಲಾಸ್ಟಿಸೈಸರ್ ಇಲ್ಲದಿದ್ದರೂ ತಯಾರಿಕೆಯಲ್ಲಿ ಸೇರಿಸಿದ ಎಣ್ಣೆ ಇರುತ್ತದೆ. ಅದೂ ನಡೆದಾಡುತ್ತದೆ, ಬಿಳಿ ಪೇಂಟ್ ಮೇಲೆ ಕಲೆ ಬಿಡುತ್ತದೆ. ಕ್ರಾಸ್‌ಲಿಂಕ್ ಮಾಡಿದ (ಅಣುಗಳ ಸರಪಳಿಗಳನ್ನು ಒಂದಕ್ಕೊಂದು ಬೆಸೆದ) ಪಾಲಿಎಥಿಲೀನ್ ಮತ್ತು ಇವಿಎ ಫೋಮ್‌ಗಳು ತಮ್ಮ ಸ್ವಭಾವದಿಂದಲೇ ಮೆತ್ತಗಿರುತ್ತವೆ, ಅವಕ್ಕೆ ಪ್ಲಾಸ್ಟಿಸೈಸರ್ ಬೇಕಿಲ್ಲ. ಪಾಲಿಯುರೆಥೇನ್ ಫೋಮಿಗೂ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಬೆಂಕಿ ತಡೆಯಲೆಂದು ದ್ರವ ರೂಪದ ರಾಸಾಯನಿಕ ಸೇರಿಸಿದ್ದರೆ ಅದೂ ಇದೇ ಆಟ ಆಡಬಹುದು.

ಜಾತಿ ಗೊತ್ತಿಲ್ಲದಿದ್ದರೆ ತಾಮ್ರದ ತಂತಿಯ ಪರೀಕ್ಷೆ ಮಾಡಿ. ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಜ್ವಾಲೆಯಲ್ಲಿ ಹಸಿರು ಬಣ್ಣ ಪೂರ್ತಿ ಹೋಗುವವರೆಗೆ ಕಾಯಿಸಿ. ಕೆಂಪಗಾದ ತುದಿಯನ್ನು ಫೋಮ್‌ಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಕಂಡರೆ ಒಳಗೆ ಕ್ಲೋರಿನ್‌ನಂಥ ಹ್ಯಾಲೊಜನ್ ಇದೆ ಎಂದರ್ಥ. ಪಿವಿಸಿ ಇರಬಹುದು, ನಿಯೋಪ್ರೀನ್ ಇರಬಹುದು. ಕ್ಲೋರಿನ್ ಇರುವ ಬೆಂಕಿ ತಡೆಯೂ ಇದೇ ಬಣ್ಣ ಕೊಡುತ್ತದೆ. ಬಯಲಿನಲ್ಲಿ ಅಥವಾ ಗಾಳಿ ಚೆನ್ನಾಗಿ ಆಡುವ ಕಡೆ, ಕಡಲೆಕಾಳಿನಷ್ಟು ತುಂಡಿನಲ್ಲಿ ಮಾತ್ರ ಇದನ್ನು ಮಾಡಿ. ಹೊಗೆ ಒಳ್ಳೆಯದಲ್ಲ. ಆಲ್ಕೋಹಾಲ್ ಬಾಟಲಿ ಆ ಸುತ್ತಮುತ್ತ ಇರಬಾರದು.

ಲೇಬಲ್ ಓದುವವರಿಗೆ ಒಂದು ಎಚ್ಚರಿಕೆ. ಥ್ಯಾಲೇಟ್ ಎನ್ನುವುದು ಪ್ಲಾಸ್ಟಿಸೈಸರ್‌ನ ಒಂದು ಬಗೆ ಅಷ್ಟೇ. 'ಥ್ಯಾಲೇಟ್ ರಹಿತ' ಎಂದರೆ 'ಪ್ಲಾಸ್ಟಿಸೈಸರ್ ರಹಿತ' ಎಂದಲ್ಲ. ಡಿಒಟಿಪಿ, ಸಿಟ್ರೇಟ್ ಥರದ ಬದಲಿ ದ್ರವಗಳು ಆರೋಗ್ಯದ ನಿಯಮಕ್ಕೆ ಬೇರೆ ಇರಬಹುದು. ಅಂಟಿನ ಮಟ್ಟಿಗೆ ಅವೂ ಎಣ್ಣೆಯೇ. ಈ ಒಂದು ಪದ ನೋಡಿ ಮೋಸಹೋದವರು ಬಹಳ ಜನ.

## ಹಂತ 3: ಎಣ್ಣೆ ನಿಜವಾಗಿ ಹೊರಗೆ ಬರುತ್ತದೆಯೇ ಎಂದು ಪರೀಕ್ಷಿಸಿ

ಫೋಮ್‌ನ ಅಂಟಿಲ್ಲದ ಹೊಸ ತುಂಡು ತೆಗೆದುಕೊಳ್ಳಿ. ಹಳೆಯ, ಗಡುಸಾದ ತುಂಡು ಬೇಡ. ಅದು ಕೊಡಬೇಕಾದ್ದನ್ನು ಆಗಲೇ ಕೊಟ್ಟು ಮುಗಿಸಿರಬಹುದು.

ತುಂಡಿನ ಕೆಳಗೊಂದು, ಮೇಲೊಂದು ಟಿಶ್ಯೂ ಇಟ್ಟು, ಮೇಲೆ ಅರ್ಧ ಕಿಲೋ ಹೇರಿ, 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ದಿನ ಇಡಿ. ಆಮೇಲೆ ಟಿಶ್ಯೂವನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ತಗುಲಿದ ಜಾಗ ಅರೆಪಾರದರ್ಶಕವಾಗಿ ಕಾಣುತ್ತದೆ. ತೇವ ಇರಬಹುದೇ ಎಂಬ ಸಂಶಯ ಬಂದರೆ ಒಂದು ರಾತ್ರಿ ಹರಡಿಡಿ. ನೀರಿನ ಕಲೆ ಮಾಯವಾಗುತ್ತದೆ, ಎಣ್ಣೆಯ ಕಲೆ ಹಾಗೇ ಉಳಿಯುತ್ತದೆ.

ಟಿಶ್ಯೂ ಏನೂ ಹೇಳದಿದ್ದರೂ ನಿಶ್ಚಿಂತೆಯಾಗಬೇಡಿ. ಪ್ಲಾಸ್ಟಿಸೈಸರ್ ಒಣ ಕಾಗದಕ್ಕೆ ಹೋಗದೆ, ತನಗೆ ಒಗ್ಗುವ ಪ್ಲಾಸ್ಟಿಕ್ಕಿಗೆ ಮಾತ್ರ ಹೋಗುವುದುಂಟು. ಅದಕ್ಕೇ ಎರಡನೆಯ ಪರೀಕ್ಷೆ ಪಾಲಿಸ್ಟೈರೀನ್ ಮೇಲೆ. ಸಿಡಿ ಡಬ್ಬಿಯ ಮುಚ್ಚಳದ ಮೇಲೆ ಫೋಮ್ ಇಟ್ಟು, ಅಷ್ಟೇ ಭಾರ ಹೇರಿ, ಅದೇ ಬಿಸಿಯಲ್ಲಿ ಮೂರು ದಿನ ಬಿಡಿ. ಪಕ್ಕದಲ್ಲಿ ಫೋಮ್ ಬದಲು ಮಡಚಿದ ಹತ್ತಿಬಟ್ಟೆ ಇಟ್ಟ ಇನ್ನೊಂದು ತುಂಡೂ ಇರಲಿ. ಫೋಮ್ ಇದ್ದ ಕಡೆ ಮಾತ್ರ ಅಚ್ಚು ಮೂಡಿದ್ದರೆ, ಮಸುಕಾಗಿದ್ದರೆ ಅಥವಾ ಉಗುರಿಗೆ ಮೆತ್ತಗೆ ಸಿಕ್ಕರೆ ಉತ್ತರ ಸ್ಪಷ್ಟ. ಪ್ಲಾಸ್ಟಿಸೈಸರ್ ವಲಸೆ ಅಳೆಯುವ ಐಎಸ್‌ಒ 177 ಎಂಬ ಮಾನದಂಡದ ಹಿಂದಿರುವ ಯೋಚನೆಯೂ ಇದೇ: ಎಣ್ಣೆ ಇರುವ ವಸ್ತುವನ್ನು ಹೀರುವ ವಸ್ತುವಿಗೆ ಒತ್ತಿಡುವುದು, ಆಮೇಲೆ ಎಷ್ಟು ದಾಟಿತು ಎಂದು ತೂಗಿ ನೋಡುವುದು. ನಮಗೆ ತೂಕ ಬೇಕಿಲ್ಲ, ಹೌದೋ ಅಲ್ಲವೋ ಸಾಕು.

ಈ ಪರೀಕ್ಷೆ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತದೆ. ಮುಚ್ಚಳ ಹಾಕಿದಾಗ ಫೋಮ್‌ನ ಮೇಲಿನ ಮುಖ ಎದುರಿನ ಮೇಲ್ಮೈಗೆ ಒತ್ತಿಕೊಳ್ಳುತ್ತದೆ ಅಲ್ವಾ? ಅಲ್ಲಿ ಅಂಟೇ ಇಲ್ಲ, ಆದರೂ ಎಣ್ಣೆ ಆ ಕಡೆಯ ಪೇಂಟ್ ಅಥವಾ ಪ್ಲಾಸ್ಟಿಕ್ಕಿಗೂ ಹೋಗುತ್ತದೆ. ಅಂಟಿನ ಬದಿಯನ್ನಷ್ಟೇ ಸರಿಮಾಡಿದರೆ ಅರ್ಧ ಕೆಲಸ.

## ಹಂತ 4: ಹಳೆಯ ಲೊಳೆ ತೆಗೆಯಿರಿ, ಮೇಲ್ಮೈಗೆ ಬಿಡುವು ಕೊಡಿ

ಮೊದಲು ಸ್ಕ್ರೇಪರ್‌ನಿಂದ ಸಾಧ್ಯವಾದಷ್ಟು ಒಣದಾಗಿಯೇ ಕೆರೆದು ತೆಗೆಯಿರಿ. ದ್ರಾವಕ ಮೊದಲೇ ಸುರಿದರೆ ಲೊಳೆ ತೆಳುವಾಗಿ ಎಲ್ಲ ಕಡೆ ಹರಡುತ್ತದೆ. ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ, ಒಂದೇ ದಿಕ್ಕಿನಲ್ಲಿ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಭಾಗ ತಿರುಗಿಸಿಕೊಳ್ಳಿ. ಬರಿಯ ಲೋಹ, ಗಾಜಿನ ಮೇಲೆ ಆಲ್ಕೋಹಾಲಿಗೆ ಬಗ್ಗದ ಅಂಟಿಗೆ ವೈಟ್ ಸ್ಪಿರಿಟ್ ಬಳಸಬಹುದು, ಕೊನೆಗೆ ಮತ್ತೆ ಆಲ್ಕೋಹಾಲ್‌ನಿಂದ ಒರೆಸಬೇಕು. ಎಬಿಎಸ್, ಪಾಲಿಕಾರ್ಬೊನೇಟ್, ಪಾಲಿಸ್ಟೈರೀನ್ ಥರದ ಗಡುಸು ಪ್ಲಾಸ್ಟಿಕ್‌ಗಳ ಮೇಲೆ ಅಸಿಟೋನ್, ಥಿನ್ನರ್, ಪೆಟ್ರೋಲ್ ಯಾವುದೂ ಬೇಡ. ಆಲ್ಕೋಹಾಲನ್ನೂ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಬಹುತೇಕರು ಎಡವುವುದು ಇದರ ನಂತರ. ಒರೆಸಿದ ಕೂಡಲೇ ಹೊಸ ಟೇಪ್ ಅಂಟಿಸಿಬಿಡುತ್ತಾರೆ. ಪೇಂಟ್ ಮತ್ತು ಪ್ಲಾಸ್ಟಿಕ್ ಕೂಡ ಇಷ್ಟು ದಿನ ಎಣ್ಣೆ ಕುಡಿದಿವೆ. ಒರೆಸಿದ್ದು ಮೇಲಿನದು ಮಾತ್ರ, ಒಳಗಿನದು ಮತ್ತೆ ಮೇಲೆ ಬರುತ್ತದೆ. ಎರಡು ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿ ಬಿಟ್ಟು ಮತ್ತೆ ಒರೆಸಿ ನೋಡಿ. ಬೆರಳಿಗೆ ಜಾರಿದಂತೆ ಅನಿಸಿದರೆ ಇನ್ನೊಂದು ಸುತ್ತು.

ಮೇಲ್ಮೈಯಲ್ಲಿ ಫೋಮ್‌ನ ಅಚ್ಚು ಬಿದ್ದಿದ್ದರೆ, ಪೇಂಟ್ ಉಗುರಿಗೆ ಸುಲಿದು ಬರುತ್ತಿದ್ದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ. ಪೇಂಟ್ ಕೆರೆದು ಹೊಸದಾಗಿ ಹಚ್ಚಿ. ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಭಾಗದಲ್ಲಿ ಸ್ಕ್ರೂ, ಕ್ಲಿಪ್ ಸುತ್ತ ಕೂದಲೆಳೆಯಂಥ ಸಣ್ಣ ಬಿರುಕು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒತ್ತಡದಲ್ಲಿರುವ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಸೈಸರ್ ತಗುಲಿದರೆ ಹೀಗೆ ಬಿರುಕು ಬಿಡುತ್ತದೆ. ಅಂಥ ಭಾಗ ಭಾರ ಹೊರುವುದಾದರೆ ಬದಲಿಸಲೇಬೇಕು.

## ಹಂತ 5: ದಾರಿ ಆರಿಸಿಕೊಳ್ಳಿ

ದಾರಿಗಳು ಮೂರು. ನಾನು ಹೇಳುವ ಕ್ರಮದಲ್ಲೇ ಯೋಚಿಸಿ. ಮೊದಲನೆಯದು ಸಾಧ್ಯವಾದರೆ ಉಳಿದೆರಡರ ಗೊಡವೆ ಬೇಡ.

ಫೋಮ್ ಬದಲಿಸುವುದು. ಕ್ರಾಸ್‌ಲಿಂಕ್ ಪಾಲಿಎಥಿಲೀನ್, ಇವಿಎ ಅಥವಾ ಪಾಲಿಯುರೆಥೇನ್ ಫೋಮ್‌ಗೆ ಹೋಗಿ. ಎಣ್ಣೆಯೇ ಇಲ್ಲದಿದ್ದರೆ ತಡೆಯುವ ಪ್ರಶ್ನೆಯೂ ಇಲ್ಲ. ಆದರೆ ಪಿವಿಸಿಯಷ್ಟು ಸುಲಭವಾಗಿ ಇವು ಒತ್ತಿಕೊಳ್ಳದಿರಬಹುದು, ಮುಚ್ಚಳ ಬಿಗಿಯಾಗಬಹುದು. ತೆರೆದ ರಂಧ್ರಗಳ ಪಾಲಿಯುರೆಥೇನ್ ನೀರನ್ನು ತಡೆಯುವುದಿಲ್ಲ. ಪಿವಿಸಿಯೇ ಬೇಕೆಂದಿದ್ದರೆ ಪಾಲಿಮರಿಕ್, ಅಂದರೆ ದೊಡ್ಡ ಅಣುಗಳ, ಪ್ಲಾಸ್ಟಿಸೈಸರ್ ಬಳಸಿದ ಫೋಮ್ ಕೇಳಿ. ಸಾಮಾನ್ಯ ಪ್ಲಾಸ್ಟಿಸೈಸರ್‌ಗಳ ಅಣುಭಾರ 390, 420ರ ಆಸುಪಾಸು. ಪಾಲಿಮರಿಕ್ ಬಗೆಯದು ಅದರ ಹಲವು ಪಟ್ಟು. ದೊಡ್ಡ ಅಣು ನಿಧಾನವಾಗಿ ನಡೆಯುತ್ತದೆ, ಅಷ್ಟೇ. ನಡೆಯುವುದೇ ಇಲ್ಲ ಎಂದಲ್ಲ.

ನಡುವೆ ತಡೆಪದರ ಹಾಕುವುದು. ಪಿಇಟಿ (ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್) ಫಿಲ್ಮ್ ಅಥವಾ ಅಲ್ಯೂಮಿನಿಯಂ ಫಾಯಿಲ್. ಕೋಣೆಯ ಉಷ್ಣತೆಯಲ್ಲಿ ಪಿಇಟಿ ಗಡುಸಾಗಿ, ಒತ್ತಾಗಿ ಇರುವುದರಿಂದ ಪ್ಲಾಸ್ಟಿಸೈಸರ್ ಅದನ್ನು ದಾಟುವುದು ಬಹಳ ನಿಧಾನ. ತೆಳ್ಳಗಿನ ಪಾಲಿಎಥಿಲೀನ್ ಹಾಳೆಯನ್ನು ನಂಬಬೇಡಿ. ಪಿಇಟಿ ಫಿಲ್ಮ್ ನಡುವೆ ಇರುವ ಡಬಲ್ ಸೈಡ್ ಟೇಪ್ ಸಿಗುತ್ತದೆ, ಅದೇ ಅನುಕೂಲ. ನಡುವೆ ಟಿಶ್ಯೂ ಅಥವಾ ಬಟ್ಟೆಯಂಥ ಪದರ ಇರುವ ಟೇಪ್ ಬೇಡ, ಎಣ್ಣೆ ಅದರಲ್ಲಿ ಸಲೀಸಾಗಿ ಇಳಿಯುತ್ತದೆ.

ಒಂದು ಸೂಕ್ಷ್ಮ ಇಲ್ಲಿದೆ. ಪಿಇಟಿ ಕಾಪಾಡುವುದು ತನ್ನ ಕೆಳಗಿನ ಅಂಟನ್ನು. ಮೇಲಿನ, ಫೋಮ್ ಕಡೆಯ ಅಂಟು ಎಣ್ಣೆಗೆ ನೇರವಾಗಿ ತಗುಲಿಯೇ ಇರುತ್ತದೆ. ಅದು ಎಣ್ಣೆ ತಾಳುವ ಅಂಟಾಗದಿದ್ದರೆ ಫಿಲ್ಮ್ ಕೆಳಗೆ ಭದ್ರವಾಗಿ ಕೂತಿರುತ್ತದೆ, ಫೋಮ್ ಮಾತ್ರ ಅದರ ಮೇಲಿನಿಂದ ಜಾರಿಹೋಗುತ್ತದೆ. ಸರಿಯಾದ ಕ್ರಮ ಮೇಲಿನಿಂದ ಕೆಳಗೆ ಹೀಗಿರಬೇಕು: ಫೋಮ್, ಪ್ಲಾಸ್ಟಿಸೈಸರ್ ತಾಳುವ ಅಂಟು, ಪಿಇಟಿ, ಸಾಮಾನ್ಯ ಅಂಟು, ಮೇಲ್ಮೈ. ಎರಡೂ ಬದಿಗೆ ಬೇರೆ ಬೇರೆ ಅಂಟು ಇರುವ ಟೇಪಾದರೆ ಯಾವ ಬದಿ ಮೇಲೆ ಎಂದು ಅಂಟಿಸುವ ಮೊದಲೇ ಗುರುತು ಹಾಕಿಕೊಳ್ಳಿ. ತಲೆಕೆಳಗಾಗಿ ಅಂಟಿಸಿ ಟೇಪನ್ನು ಬೈಯುವುದು ಸುಲಭ.

ಎಣ್ಣೆ ತಾಳುವ ಅಂಟು ಮಾತ್ರ ಬಳಸುವುದು. ಟೇಪ್‌ಗಳಲ್ಲಿ ಇದಕ್ಕೆಂದೇ ಮಾರ್ಪಡಿಸಿದ ಆಕ್ರಿಲಿಕ್ ಅಂಟು ಇರುತ್ತದೆ. ಮಾಹಿತಿ ಹಾಳೆಯಲ್ಲಿ 'ಪ್ಲಾಸ್ಟಿಸೈಸರ್ ರೆಸಿಸ್ಟೆಂಟ್' ಎಂದು ಸ್ಪಷ್ಟವಾಗಿ ಬರೆದಿರಬೇಕು. ರಬ್ಬರ್ ಆಧಾರಿತ ಅಂಟು ಮೊದಲ ದಿನ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಎಣ್ಣೆಗೆ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಮೋಸ ಆಗುವುದೇ ಆ ಮೊದಲ ದಿನದ ಹಿಡಿತ ನೋಡಿ. ಹಚ್ಚುವ ಅಂಟಾದರೆ ಸಾಮಾನ್ಯ ನಿಯೋಪ್ರೀನ್ ಕಾಂಟ್ಯಾಕ್ಟ್ ಅಂಟು ಬಿಟ್ಟು, ನೈಟ್ರೈಲ್ ಅಥವಾ ಪಾಲಿಯುರೆಥೇನ್ ಆಧಾರಿತ ಅಂಟು ಆರಿಸಿ. ಮೂರನೆಯ ದಾರಿ ಹಗುರವಾದ ಪಟ್ಟಿಗೆ, ತಣ್ಣಗಿರುವ ಜಾಗಕ್ಕೆ ಸಾಕು. ಬಿಸಿ ಬೀಳುವ ಕಡೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ.

ಅಂಟು ಹಚ್ಚಿಯೇ ಬರುವ ಪಿವಿಸಿ ಫೋಮ್ ಸುರುಳಿ ಕೊಳ್ಳುವುದಾದರೆ ತಯಾರಾದ ದಿನಾಂಕ ಕೇಳಿ. ಎಣ್ಣೆಯ ಪಯಣ ಅಂಗಡಿಯ ಕಪಾಟಿನಲ್ಲೇ ಶುರುವಾಗಿರುತ್ತದೆ. ಅಂಟನ್ನು ಮುಚ್ಚಿರುವ ಲೈನರ್ ಹಾಳೆ ಸುಲಿದಾಗ ಅಂಟು ಅದರ ಜೊತೆ ಎಳೆಯಾಗಿ ಎದ್ದು ಬಂದರೆ ಆ ಸುರುಳಿ ಬೇಡ.

## ಹಂತ 6: ಪೂರ್ತಿ ಅಂಟಿಸುವ ಮೊದಲು ಒಂದು ವಾರ ಪ್ರಯೋಗ

ಒಂದೇ ಅಳತೆಯ ಮೂರು ಮಾದರಿ ಮಾಡಿ. ಒಂದರಲ್ಲಿ ನೀವು ಆರಿಸಿದ ಜೋಡಣೆ. ಇನ್ನೊಂದರಲ್ಲಿ ಸೋತ ಹಳೆಯ ಜೋಡಣೆ. ಮೂರನೆಯದರಲ್ಲಿ ನೀವು ಆರಿಸಿದ ಟೇಪೇ, ಆದರೆ ಫೋಮ್ ಬದಲು ಬರೀ ಪಿಇಟಿ ಹಾಳೆ. ಈ ಮೂರನೆಯದನ್ನು ಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ಕೆಡಿಸಿದ್ದು ಎಣ್ಣೆಯೋ ಬಿಸಿಯೋ ಗೊತ್ತಾಗುವುದಿಲ್ಲ.

ನಿಮ್ಮ ನಿಜವಾದ ಮೇಲ್ಮೈಯ ತುಂಡಿನ ಮೇಲೆಯೇ ಅಂಟಿಸಿ. ಒಂದು ದಿನ ಸುಮ್ಮನೆ ಬಿಟ್ಟು, ಆಮೇಲೆ 60 ಡಿಗ್ರಿಯಲ್ಲಿ 7 ದಿನ ಇಡಿ. ಹೊರತೆಗೆದು ಇಡೀ ಒಂದು ದಿನ ತಣ್ಣಗಾಗಲು ಬಿಡಿ. ನಂತರ ಒಂದೇ ವೇಗದಲ್ಲಿ, ಒಂದೇ ಕೋನದಲ್ಲಿ ಕಿತ್ತು ಹೋಲಿಸಿ. ಇನ್ನೂ ಒಂದು ಜೊತೆ ಮಾದರಿ ಮಾಡಿದ್ದರೆ 25 ಮಿ.ಮೀ. ಉದ್ದ, 25 ಮಿ.ಮೀ. ಅಗಲದ ಅಂಟಿನ ಮೇಲೆ ಅರ್ಧ ಕಿಲೋ ಕೆಳಮುಖವಾಗಿ ತೂಗುಹಾಕಿ, ಎಷ್ಟು ಜಾರಿತು ಎಂದು ಪೆನ್ಸಿಲ್ ಗೆರೆಯಿಂದ ಗುರುತಿಸಿ. ಪಟ್ಟಿ ಜಾರುವ ತೊಂದರೆಗೆ ಕಿತ್ತು ನೋಡುವುದಕ್ಕಿಂತ ಇದೇ ನಿಜ ಹೇಳುತ್ತದೆ. ಮೆತ್ತಗಾದ ಅಂಟು ಕೀಳುವಾಗ ಜಿಗುಟಾಗಿ ಎಳೆದು ಗಟ್ಟಿಯಂತೆ ನಟಿಸುವುದುಂಟು.

ಬಿಸಿ ಜಾಸ್ತಿ ಮಾಡಿದರೆ ಬೇಗ ಉತ್ತರ ಸಿಗುತ್ತದೆ ಎಂದು 90, 100 ಡಿಗ್ರಿಗೆ ಹೋಗಬೇಡಿ. ಅಷ್ಟರಲ್ಲಿ ಪಿಇಟಿಯೇ ತನ್ನ ಗಡುಸುತನ ಬಿಡತೊಡಗುತ್ತದೆ, ನಿಜ ಜೀವನದಲ್ಲಿ ಆಗದ್ದೆಲ್ಲ ಆಗುತ್ತದೆ. ಏಳು ದಿನವನ್ನು ಇಷ್ಟು ವರ್ಷಕ್ಕೆ ಸಮ ಎಂದು ಲೆಕ್ಕ ಹಾಕುವುದೂ ಬೇಡ. ಈ ಪ್ರಯೋಗ ಹೇಳುವುದು ಯಾವುದು ಯಾವುದಕ್ಕಿಂತ ವಾಸಿ ಎಂದು ಮಾತ್ರ.

## ಹಂತ 7: ಅಂಟಿಸುವುದು

ಮೇಲ್ಮೈ, ಟೇಪ್, ಕೋಣೆ ಮೂರೂ 20 ಡಿಗ್ರಿಗಿಂತ ಬೆಚ್ಚಗಿದ್ದರೆ ಒಳ್ಳೆಯದು. ಮೊದಲು ಟೇಪನ್ನು ಫೋಮ್‌ಗೆ ಅಂಟಿಸಿ ರೋಲರ್ ಓಡಿಸಿ, ಆಮೇಲೆ ಜೋಡಿಯನ್ನು ಮೇಲ್ಮೈಗೆ. ಟೇಪ್ ಎರಡೂ ಅಂಚಿನಲ್ಲಿ ಫೋಮ್‌ಗಿಂತ 1 ಮಿ.ಮೀ.ನಷ್ಟು ಹೊರಗಿರಲಿ. ಒಳಗೆ ಸರಿದಿದ್ದರೆ ಒತ್ತಿದಾಗ ಫೋಮ್‌ನ ಅಂಚು ನೇರವಾಗಿ ಮೇಲ್ಮೈಗೆ ತಾಗಿ, ಎಣ್ಣೆ ತಡೆಯನ್ನು ಸುತ್ತಿಕೊಂಡು ಇಳಿಯುತ್ತದೆ. ಫಿಲ್ಮ್‌ನಲ್ಲಿ ಸುಕ್ಕು ಬೀಳಬಾರದು.

ಫೋಮ್ ಎಳೆದು ಅಂಟಿಸಬೇಡಿ. ಎಳೆದ ಪಟ್ಟಿ ಮೊದಲಿನ ಉದ್ದಕ್ಕೆ ಮರಳಲು ದಿನವಿಡೀ ಅಂಟಿನೊಂದಿಗೆ ಜಗ್ಗಾಡುತ್ತದೆ. ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಮೂಲೆಗಳಲ್ಲಿ ತುದಿಗಳು ಒಂದಕ್ಕೊಂದು ಒತ್ತಿಕೊಳ್ಳುವಂತೆ ಕೂರಿಸಿ. ಆಕ್ರಿಲಿಕ್ ಅಂಟು ಪೂರ್ತಿ ಹಿಡಿಯಲು ಸಾಮಾನ್ಯವಾಗಿ 72 ಗಂಟೆ ಬೇಕು. ಅಲ್ಲಿಯವರೆಗೆ ಮುಚ್ಚಳ ಹಾಕಬೇಡಿ, ಭಾರ ಹೇರಬೇಡಿ.

## ಹಂತ 8: ಮೊದಲ ಮೂರು ತಿಂಗಳ ಕಾವಲು

ಅಂಟಿಸಿದ ದಿನವೇ ಪಟ್ಟಿಯ ಅಂಚಿನಲ್ಲಿ ಮೂರು ಕಡೆ ಸಣ್ಣ ಪೆನ್ಸಿಲ್ ಗೆರೆ ಎಳೆಯಿರಿ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳಿಗೆ ನೋಡಿ. ಗೆರೆಯಿಂದ ಪಟ್ಟಿ ಸರಿದಿದೆಯೇ? ಅಂಚಿನಲ್ಲಿ ಧೂಳಿನ ಗೆರೆ ಕಟ್ಟುತ್ತಿದೆಯೇ? ಮೂಲೆಯ ಸಂದು ಬಿಡುತ್ತಿದೆಯೇ? ಹತ್ತಿರದ ಲೇಬಲ್‌ನ ಶಾಯಿ ಹರಡುತ್ತಿದೆಯೇ? ಎದುರಿನ ಮೇಲ್ಮೈ ಮುಟ್ಟಿದರೆ ಜಾರುತ್ತಿದೆಯೇ?

ಗೆರೆಯಿಂದ ಸರಿಯದೆ ಮೂಲೆಯ ಸಂದು ಮಾತ್ರ ಬಿಟ್ಟಿದ್ದರೆ ಅಂಟು ಗೆದ್ದಿದೆ, ಫೋಮ್ ಗಾಳಿಯ ಬದಿಯಿಂದ ಎಣ್ಣೆ ಕಳೆದುಕೊಂಡು ಕುಗ್ಗುತ್ತಿದೆ. ತಡೆಪದರ ಅದನ್ನು ನಿಲ್ಲಿಸಲಾರದು, ಸಂದಿಗೆ ಸಣ್ಣ ತುಂಡು ಸೇರಿಸಿದರೆ ಸಾಕು. ಪಟ್ಟಿಯೇ ಸರಿದಿದ್ದರೆ ಒಂದು ತುದಿ ಎಬ್ಬಿಸಿ ಎರಡು ಅಂಟಿನ ಪದರಗಳಲ್ಲಿ ಯಾವುದು ಲೊಳೆಯಾಗಿದೆ ಎಂದು ನೋಡಿ. ಮೇಲಿನದಾದರೆ ಫೋಮ್ ಕಡೆಯ ಅಂಟಿನ ಆಯ್ಕೆ ತಪ್ಪಿದೆ. ಕೆಳಗಿನದಾದರೆ ಫಿಲ್ಮ್ ಎಲ್ಲೋ ಹರಿದಿದೆ, ಅಂಚಿನಲ್ಲಿ ಸೋರಿದೆ, ಇಲ್ಲವೇ ನಾಲ್ಕನೆಯ ಹಂತದಲ್ಲಿ ಮೇಲ್ಮೈಗೆ ಬಿಡುವು ಸಾಲದೆ ಅದರ ಹಳೆಯ ಎಣ್ಣೆಯೇ ಮೇಲೆ ಬಂದಿದೆ.